ಪೊಂಪೇಯಿಯ ಪಾಪ ಮತ್ತು ನನ್ನ ಪಾಠ



ಇಟಲಿಯಿಂದ ಹಿಂದಿರುಗಿ ಎರಡು ತಿಂಗಳಾಗುತ್ತ ಬಂತು. “ಸರ್, ಪ್ರವಾಸಕಥನ ಎಲ್ಲಿ?” ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನನ್ನ ತಂಗಿಯಂತೂ ಫೋಟೋಗಳನ್ನು ನೋಡಿ, “ಅಣ್ಣಾ, ಅಷ್ಟು ದೂರ ಹೋಗಿ ಬರೀ ಮುರುಕು ಗೋಡೆ ನೋಡಿ ಬಂದೆಯಲ್ಲ” ಎಂದು ನಕ್ಕಳು. ಪ್ರವಾಸಕಥನ ಬರೆಯುವ ಉದ್ದೇಶ ಈ ಸಲ ನನಗಿಲ್ಲ. ರೋಮಿನ ಕಾರಂಜಿಗಳನ್ನೂ ವೆನಿಸ್ಸಿನ ದೋಣಿಗಳನ್ನೂ ನನಗಿಂತ ಸೊಗಸಾಗಿ ವರ್ಣಿಸಿದವರು ಕನ್ನಡದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಒಂದು ತಿದ್ದೋಲೆ; ಮೂವತ್ತು ವರ್ಷ ತರಗತಿಯಲ್ಲಿ ನಿಂತು ಹೇಳಿದ ಒಂದು ಪಾಠವನ್ನು ಹಿಂದಕ್ಕೆ ತೆಗೆದುಕೊಳ್ಳುವ ಪತ್ರ. ಇದರಲ್ಲಿ ಸ್ವಲ್ಪ ಸಿಟ್ಟೂ ಬೆರೆತಿದೆ. ಅದರ ಬಹುಪಾಲು ನನ್ನ ಮೇಲೆಯೇ.

ನಿಮಗೆ ನೆನಪಿರಬಹುದು. ಎಂಟನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ರೋಮನ್ ಸಾಮ್ರಾಜ್ಯದ ಪಾಠ ಮುಗಿದೊಡನೆ ಪುಸ್ತಕ ಮುಚ್ಚಿಸಿ ನಾನೊಂದು ಕಥೆ ಹೇಳುತ್ತಿದ್ದೆ. ಪಠ್ಯದಲ್ಲಿ ಅದು ಇರಲಿಲ್ಲ. ಹೀಗಾಗಿ ಅದರ ಹೊಣೆ ಸಂಪೂರ್ಣವಾಗಿ ನನ್ನದು. ಸಮುದ್ರ ತೀರದಲ್ಲಿ ಪೊಂಪೇಯಿ ಎಂಬ ಸಿರಿವಂತ ನಗರ. ಅಲ್ಲಿಯ ಜನ ಮದ್ಯದಲ್ಲಿ, ಜೂಜಿನಲ್ಲಿ, ವೇಶ್ಯಾವಾಟಿಕೆಗಳಲ್ಲಿ, ಮನುಷ್ಯರನ್ನು ಮನುಷ್ಯರಿಂದ ಕೊಲ್ಲಿಸುವ ಆಟಗಳಲ್ಲಿ ಮುಳುಗಿ ದೈವಭಯವನ್ನೇ ಮರೆತಿದ್ದರು. ಕ್ರಿ.ಶ. 79ರ ಆಗಸ್ಟ್ 24ರಂದು ವೆಸುವಿಯಸ್ ಬಾಯ್ದೆರೆಯಿತು. ಒಂದೇ ಕ್ಷಣದಲ್ಲಿ ಇಡೀ ಊರು, ಉಣ್ಣುತ್ತಿದ್ದವರು ಉಣ್ಣುತ್ತಿದ್ದಂತೆ, ಕುಡಿಯುತ್ತಿದ್ದವರು ಕುಡಿಯುತ್ತಿದ್ದಂತೆ ಕಲ್ಲಾಗಿಹೋಯಿತು. ಇಷ್ಟರ ನಡುವೆ ನಗರದ್ವಾರದಲ್ಲಿ ಕಾವಲಿಗೆ ನಿಂತಿದ್ದ ಒಬ್ಬ ಸೈನಿಕ ಮಾತ್ರ ಅಪ್ಪಣೆಯಿಲ್ಲದೆ ಜಾಗ ಬಿಡಲಿಲ್ಲ. ಈಟಿ ಹಿಡಿದು ನಿಂತಲ್ಲೇ ಪ್ರಾಣಬಿಟ್ಟ ಅವನ ಅಸ್ಥಿಪಂಜರ ಸಾವಿರದ ಏಳುನೂರು ವರ್ಷಗಳ ಅನಂತರ ಹಾಗೆಯೇ ಸಿಕ್ಕಿತು. ಪಾಪಕ್ಕೆ ಶಿಕ್ಷೆ, ಕರ್ತವ್ಯಕ್ಕೆ ಕೀರ್ತಿ. ಕೊನೆಗೆ ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ “ಮಾಡಿದ್ದುಣ್ಣೋ ಮಹಾರಾಯ” ಎಂದು ಬರೆದು, ಸೀಮೆಸುಣ್ಣದ ಕೈ ಕೊಡವಿಕೊಂಡು, ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದೆ. ನೀವು ಉಸಿರು ಬಿಗಿಹಿಡಿದು ಕೇಳುತ್ತಿದ್ದಿರಿ. ಅದರ ಬಗೆಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಈ ಕಥೆಯಲ್ಲಿ ನಿಜವೆಂದು ಈಗ ಉಳಿಯುವುದು ವರ್ಷ ಮತ್ತು ಬೆಟ್ಟದ ಹೆಸರು, ಅಷ್ಟೇ.

ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗಳು ರಜೆ ಹಾಕಿ ಜೊತೆಗೆ ಬಂದಿದ್ದಳು. ನೇಪಲ್ಸ್‌ನಿಂದ ವೆಸುವಿಯಸ್ಸಿನ ತಪ್ಪಲನ್ನು ಬಳಸಿಕೊಂಡು ಹೋಗುವ ಪುಟ್ಟ ರೈಲಿನಲ್ಲಿ ನಿಂತೇ ಪ್ರಯಾಣ. ಮೂವತ್ತು ವರ್ಷ ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದ ಬೆಟ್ಟ ಕಿಟಕಿಯಲ್ಲಿ ಕಂಡಾಗ, ನಿಜ ಹೇಳಬೇಕೆಂದರೆ, ಅದು ನಮ್ಮ ಕಡೆಯ ಯಾವುದೋ ಸಾಧು ಗುಡ್ಡದಂತೆ ಹಸಿರಾಗಿ ತೆಪ್ಪಗೆ ಕುಳಿತಿತ್ತು. ಮರೀನಾ ದ್ವಾರದಿಂದ ಒಳಗೆ ಹೊಕ್ಕರೆ ಏರು. ಲಾವಾಶಿಲೆಯ ದೊಡ್ಡ ದೊಡ್ಡ ಚಪ್ಪಡಿಗಳನ್ನು ಹಾಸಿದ ಬೀದಿ. ಅವುಗಳ ಮೇಲೆ ಬಂಡಿಯ ಗಾಲಿ ಸವೆಸಿದ ಗೇಣಗಲದ ಜಾಡು. ಮಳೆನೀರು ಹರಿಯುವಾಗ ಕಾಲು ನೆನೆಯದಂತೆ ಬೀದಿ ದಾಟಲು ನಡುನಡುವೆ ಎತ್ತರಿಸಿದ ಕಲ್ಲುಗಳಿವೆ. ನನ್ನ ಮೊಳಕಾಲು ಅವುಗಳಿಗೆ ಒಪ್ಪಲಿಲ್ಲ, ಮಗಳು ಕೈಹಿಡಿದು ದಾಟಿಸಿದಳು. ಊರು ಸುಮಾರು 66 ಹೆಕ್ಟೇರು. 1748ರಲ್ಲಿ ಆರಂಭವಾದ ಉತ್ಖನನ ಇನ್ನೂ ಮುಗಿದಿಲ್ಲ. ಮೂರರಲ್ಲೊಂದು ಪಾಲು ಇಂದಿಗೂ ಮಣ್ಣಿನಡಿಯಲ್ಲೇ ಇದೆ.

ನಮ್ಮ ಗುಂಪಿನಲ್ಲಿ ಇಪ್ಪತ್ತು ಜನ, ಅವರಲ್ಲಿ ಒಂದು ಕನ್ನಡದ ಕುಟುಂಬವೂ ಇತ್ತು. ಮಾರ್ಗದರ್ಶಿ ಒಳ್ಳೆಯ ವಾಗ್ಮಿ. ವೇದಿಕೆ ಚೌಕ, ಸ್ನಾನಗೃಹ ಎಲ್ಲವನ್ನೂ ಓಡೋಡುತ್ತ ತೋರಿಸಿ, ಒಂದು ಬೀದಿಯ ನಡುವೆ ಕಲ್ಲಿನ ಮೇಲೆ ಕೊರೆದ ಗಂಡಸಿನ ಜನನಾಂಗದ ಆಕೃತಿಯ ಮುಂದೆ ಮಾತ್ರ ನಿಂತುಕೊಂಡ. “ಇದು ವೇಶ್ಯಾಗೃಹಕ್ಕೆ ದಾರಿ ತೋರಿಸುವ ಬಾಣ” ಎಂದ. ಎಲ್ಲರೂ ನಕ್ಕರು, ಎಲ್ಲರ ಫೋನೂ ಕೆಳಕ್ಕೆ ಬಾಗಿತು. ಅಲ್ಲಿಂದ ನೇರವಾಗಿ ಆ ಗೃಹಕ್ಕೇ ಕರೆದೊಯ್ದ. ಇಡೀ ಪೊಂಪೇಯಿಯಲ್ಲಿ ಅತ್ಯಂತ ಉದ್ದವಾದ ಸಾಲು ಕಂಡದ್ದು ಅಲ್ಲಿ. ಹೊರಗೆ ಬಂದ ಮೇಲೆ ಆ ಕನ್ನಡದ ಯಜಮಾನರು ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿ, “ಇಂಥ ಊರು ಸುಟ್ಟುಹೋಗದೆ ಇನ್ನೇನಾಗುತ್ತೆ ಸಾರ್? ಮಾಡಿದ್ದುಣ್ಣೋ ಮಹಾರಾಯ” ಎಂದರು.

ನನ್ನ ಕರಿಹಲಗೆ ಸಾವಿರಾರು ಕಿಲೋಮೀಟರ್ ದೂರದ ದಾರಿ ಸವೆಸಿ ಬಂದು ನನ್ನೆದುರು ನಿಂತಂತಾಯಿತು.

ಅವರನ್ನು ನಾನು ದೂರಲಾರೆ. ಆದರೆ ಆ ಮಾತನ್ನು ಬಿಡಲಾರೆ. ಈ “ಪಾಪ”ದ ಲೆಕ್ಕವನ್ನು ಒಮ್ಮೆ ಸರಿಯಾಗಿ ನೋಡೋಣ. ಆ ಆಕೃತಿ ಬಾಣವೂ ಅಲ್ಲ, ಫಲಕವೂ ಅಲ್ಲ. ಅದೇ ಆಕೃತಿ ಬೇಕರಿಯ ಒಲೆಯ ಮೇಲಿದೆ, ಅಂಗಡಿಗಳ ಗೋಡೆಯಲ್ಲಿದೆ, ಗಂಟೆ ಕಟ್ಟಿ ಬಾಗಿಲಿಗೆ ತೂಗುಬಿಟ್ಟ ಕಂಚಿನ ಗೊಂಬೆಗಳಲ್ಲಿದೆ, ಪುಟ್ಟ ಮಕ್ಕಳ ಕೊರಳ ತಾಯಿತದಲ್ಲಿಯೂ ಇತ್ತು. ರೋಮನ್ನರಿಗೆ ಅದು ಕೆಟ್ಟ ಕಣ್ಣನ್ನು ತಡೆಯುವ ವಸ್ತು. ನಾವು ಹೊಸ ಮನೆಗೆ ಹಲ್ಲು ಕಿರಿಯುವ ದೃಷ್ಟಿಗೊಂಬೆ ತೂಗುಹಾಕುವುದಿಲ್ಲವೆ? ಅಂಗಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದಿಲ್ಲವೆ? ಎರಡು ಸಾವಿರ ವರ್ಷಗಳ ಅನಂತರ ಯಾವನೋ ಮಾರ್ಗದರ್ಶಿ ನಮ್ಮ ದೃಷ್ಟಿಗೊಂಬೆಯ ಮುಂದೆ ನಿಂತು, “ಈ ಜನ ರಾಕ್ಷಸರನ್ನು ಪೂಜಿಸುತ್ತಿದ್ದರು, ಅದಕ್ಕೇ ನಾಶವಾದರು” ಎಂದರೆ ಹೇಗಿರುತ್ತದೆ?

ವೇಶ್ಯಾಗೃಹಗಳ ಮಾತು. ಗೋಡೆಯ ಮೇಲೆ ಒಂದು ಪೋಲಿ ಚಿತ್ರವಿದ್ದ ಮನೆಯನ್ನೆಲ್ಲ ಸೇರಿಸಿ, ಈ ಸಣ್ಣ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ವೇಶ್ಯಾಗೃಹಗಳಿದ್ದವೆಂದು ಹಿಂದೆ ಎಣಿಸಿದ ವಿದ್ವಾಂಸರಿದ್ದರು. ಇಂದು ತಕರಾರಿಲ್ಲದೆ ಹಾಗೆನ್ನಬಹುದಾದ ಕಟ್ಟಡ ಒಂದೇ, ನಾವು ಸಾಲಿನಲ್ಲಿ ನಿಂತದ್ದು. ಕೆಳಗೆ ಐದು, ಮೇಲೆ ಐದು ಕೋಣೆ. ಒಂದೊಂದು ಕೋಣೆ ನಮ್ಮ ಹಳೆಯ ಮನೆಗಳ ಸೌದೆ ಒಟ್ಟುವ ಮೂಲೆಯಷ್ಟು. ಕಲ್ಲಿನ ಕಟ್ಟೆಯೇ ಮಂಚ. ಕೆಲವಕ್ಕೆ ಕಿಟಕಿಯೂ ಇಲ್ಲ. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುಲಾಮ ಹೆಣ್ಣುಮಕ್ಕಳು, ಸಂತೆಯಲ್ಲಿ ಕೊಂಡುತಂದವರು. ಗಳಿಕೆ ಒಡೆಯನದು. ಆ ಕೋಣೆಯಲ್ಲಿ ಪಾಪ ನಡೆಯಿತೆಂದೇ ಇಟ್ಟುಕೊಳ್ಳೋಣ. ಬೆಟ್ಟ ಅದರ ಶಿಕ್ಷೆಯನ್ನು ಯಾರಿಗೆ ಹಂಚಿತು? ತರಗತಿಯಲ್ಲಿ ಆ ಹುಡುಗಿಯರ ಪ್ರಸ್ತಾಪವನ್ನೇ ನಾನು ಮಾಡಲಿಲ್ಲ. “ವೇಶ್ಯಾವಾಟಿಕೆ” ಎಂಬ ಒಂದು ಶಬ್ದದಲ್ಲಿ ಅವರನ್ನು ಅಪರಾಧಿಗಳ ಸಾಲಿಗೆ ಸೇರಿಸಿಬಿಟ್ಟೆ.

ಗುಂಪು ಐಸ್‌ಕ್ರೀಮಿಗೆ ಹೋದಾಗ ನಾನೂ ಮಗಳೂ ತಪ್ಪಿಸಿಕೊಂಡು ಬೇರೆ ಬೀದಿಗಳಲ್ಲಿ ಅಲೆದೆವು. ಅಲ್ಲಿ ಕಂಡ ಊರು ನನ್ನ ಕಥೆಯ ಊರಿನಂತಿರಲಿಲ್ಲ. ಈ ಊರಿನಲ್ಲಿ ಸುಮಾರು ಮೂವತ್ತು ಬೇಕರಿಗಳಿದ್ದವು. ಅಂಥ ಒಂದು ಬೇಕರಿಯ ಒಲೆಯೊಳಗೆ 1862ರಲ್ಲಿ 81 ರೊಟ್ಟಿಗಳು ಸಿಕ್ಕವು. ಇದ್ದಿಲಾಗಿದ್ದರೂ ಎಂಟೆಂಟು ಪಾಲಾಗಿ ಮುರಿಯಲು ಹಾಕಿದ ಗೆರೆಗಳು ಹಾಗೆಯೇ ಇದ್ದವು. ಗೋಡೆಗಳ ಮೇಲೆ ಚುನಾವಣೆಯ ಬರಹಗಳು ಸಾವಿರಗಟ್ಟಲೆ. ಹಣ್ಣು ಮಾರುವವರೆಲ್ಲ ಸೇರಿ ಇಂಥವನನ್ನು ಆರಿಸಿರೆಂದು ಕೇಳುತ್ತಾರೆ. ಒಬ್ಬ ಅಭ್ಯರ್ಥಿಗಂತೂ ರಾತ್ರಿ ಬಹಳ ಹೊತ್ತು ಕುಡಿಯುವವರ ಸಂಘದ ಬೆಂಬಲ ಘೋಷಣೆಯಾಗಿದೆ, ಎದುರಾಳಿಗಳ ಕುಚೋದ್ಯ! ನಮ್ಮ ಪಂಚಾಯತಿ ಚುನಾವಣೆಯ ಕಾಲದಲ್ಲಿ ಶಾಲೆಯ ಕಾಂಪೌಂಡಿನ ಮೇಲೆ ಬರೆಯುತ್ತಿದ್ದುದನ್ನು ನೆನೆದು ನಕ್ಕೆ.

ಈ ನಗುವಿನ ಹಿಂದೆಯೇ ಇನ್ನೊಂದು ವಿಷಯವನ್ನೂ ಹೇಳಬೇಕು. ಇಲ್ಲದಿದ್ದರೆ ಪಾಪದ ಊರಿನ ಬದಲು ಪುಣ್ಯದ ಊರನ್ನು ಕಟ್ಟಿ ಮತ್ತೆ ಸುಳ್ಳು ಹೇಳಿದಂತಾದೀತು. ಒಂಬತ್ತನೆಯ ವಿಭಾಗದ ಅಗೆತದಲ್ಲಿ ಇನ್ನೊಂದು ಬೇಕರಿ ಸಿಕ್ಕಿದ್ದನ್ನು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಇಕ್ಕಟ್ಟಾದ ಕೋಣೆ, ಹೊರಗಿನ ಬೆಳಕು ಕಾಣದಂತೆ ಎತ್ತರದಲ್ಲಿ ಕಬ್ಬಿಣದ ಸರಳಿನ ಸಣ್ಣ ಕಿಂಡಿ. ಕಣ್ಣುಕಟ್ಟಿದ ಕತ್ತೆಗಳೂ ಗುಲಾಮರೂ ಒಟ್ಟಿಗೆ ಬೀಸುಗಲ್ಲು ತಿರುಗಿಸುತ್ತಿದ್ದ ಜಾಗ. ಕಾಲು ಜಾರದೆ ಒಂದೇ ವೃತ್ತದಲ್ಲಿ ಸುತ್ತುವಂತೆ ನೆಲದ ಕಲ್ಲಿನಲ್ಲಿ ಹೆಜ್ಜೆಗಳನ್ನು ಕೊರೆದಿದ್ದಾರೆ. ಪೊಂಪೇಯಿಯಲ್ಲಿ ಅನ್ಯಾಯವಿತ್ತು, ಬೇಕಾದಷ್ಟಿತ್ತು. ಆದರೆ ಅದು ಅಂದು ಇಡೀ ರೋಮನ್ ಸಾಮ್ರಾಜ್ಯದಲ್ಲಿತ್ತು. ಬೆಟ್ಟದಿಂದ ದೂರವಿದ್ದ ರೋಮ್ ನಗರದಲ್ಲಿ ಇನ್ನೂ ಹೆಚ್ಚಿತ್ತು. ಅನ್ಯಾಯಕ್ಕೆ ಬೆಂಕಿ ಬೀಳುವುದಾದರೆ ಒಡೆಯರ ಊರುಗಳನ್ನೆಲ್ಲ ಬಿಟ್ಟು ಈ ಕತ್ತೆಗಳ ಕೊಟ್ಟಿಗೆಯ ಮೇಲೇ ಅದೇಕೆ ಬೀಳಬೇಕು? 1874ರಲ್ಲಿ ಒಂದು ಮನೆಯ ಅಂಗಳದಲ್ಲಿ ಸರಪಳಿ ಬಿಗಿದ ನಾಯಿಯ ಅಚ್ಚು ಸಿಕ್ಕಿತು. ಬಿದ್ದ ಕಲ್ಲುರಾಶಿಯ ಮೇಲೆ ಸರಪಳಿ ಮುಗಿಯುವಷ್ಟು ಎತ್ತರಕ್ಕೆ ಹತ್ತಿ, ಅಲ್ಲಿ ಒದ್ದಾಡಿ ತಿರುಚಿಕೊಂಡು ಸತ್ತಿದೆ. ಆ ನಾಯಿ ಮಾಡಿದ್ದೇನು, ಉಂಡಿದ್ದೇನು?

ಇನ್ನು ನನ್ನ ವೀರ ಸೈನಿಕ. ಹೇಳಲು ನಾಚಿಕೆಯಾಗುತ್ತದೆ, ಅಂಥವನೊಬ್ಬ ಇರಲೇ ಇಲ್ಲ. ಹರ್ಕ್ಯುಲೇನಿಯಂ ದ್ವಾರದ ಹೊರಗೆ ಅವನು ನಿಂತಿದ್ದನೆನ್ನಲಾದ ಕಲ್ಲುಗೂಡು ಕಾವಲುಗಾರನ ಗೂಡೇ ಅಲ್ಲ, ಅದೊಂದು ಸಮಾಧಿ. ಅದನ್ನು ಅಗೆದವರ ದಾಖಲೆಯಲ್ಲಿ ಸೈನಿಕನ ಅಸ್ಥಿಪಂಜರದ ಮಾತಿಲ್ಲ. ಅವನು ಹುಟ್ಟಿದ್ದು ಅನಂತರದ ಪ್ರವಾಸಿಗರ ಬಾಯಲ್ಲಿ. ಬೆಳೆದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷರ ಪುಸ್ತಕಗಳಲ್ಲಿ, 1865ರಲ್ಲಿ ಎಡ್ವರ್ಡ್ ಪಾಯಿಂಟರ್ ಬರೆದ ವರ್ಣಚಿತ್ರದಲ್ಲಿ. ಸಾಮ್ರಾಜ್ಯ ಕಟ್ಟುತ್ತಿದ್ದವರಿಗೆ, ಅಪ್ಪಣೆ ಬರುವ ತನಕ ಸುಡುವ ಬೂದಿಯಲ್ಲೂ ಅಲುಗದ ಸಿಪಾಯಿಗಿಂತ ಒಳ್ಳೆಯ ನೀತಿಪಾಠ ಬೇರೆ ಯಾವುದು? ಬುಲ್ವರ್ ಲಿಟನ್ನನ 1834ರ ಕಾದಂಬರಿಯ ಸಂಕ್ಷಿಪ್ತ ಪ್ರತಿಯೊಂದನ್ನು ಕಾಲೇಜಿನ ದಿನಗಳಲ್ಲಿ ಓದಿದ್ದೇ ನನ್ನ ರೋಮನ್ ಪಾಂಡಿತ್ಯದ ತಳಹದಿ. ಆ ಸಿಪಾಯಿಯನ್ನು ನಾನು ಯಾವ ಪರೀಕ್ಷೆಗೂ ಒಡ್ಡದೆ ನಿಮ್ಮ ತಲೆಯಲ್ಲಿ ಕಾವಲಿಗೆ ನಿಲ್ಲಿಸಿದೆ.

ಸತ್ತವರಿಗೆ ಕಥೆ ಕಟ್ಟುವ ಈ ಚಾಳಿ ನನ್ನೊಬ್ಬನದಲ್ಲ. ದೇಹಗಳು ಕರಗಿ ಗಟ್ಟಿಬೂದಿಯಲ್ಲಿ ಉಳಿದ ಟೊಳ್ಳುಗಳಿಗೆ ಗಾರೆ ಸುರಿದು ಅವರ ಆಕಾರವನ್ನು ಎರಕವಾಗಿ ತೆಗೆಯುವ ವಿಧಾನವನ್ನು ಜುಸೆಪ್ಪೆ ಫಿಯೊರೆಲ್ಲಿ ಎಂಬಾತ 1863ರಲ್ಲಿ ರೂಢಿಗೆ ತಂದ. ಅಲ್ಲಿಂದ ಮುಂದೆ ಪ್ರತಿ ಆಕಾರಕ್ಕೂ ಒಂದೊಂದು ಹೆಸರು ಬಿತ್ತು. ಚಿನ್ನದ ಕಡಗ ತೊಟ್ಟು ಮಗುವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದ ವ್ಯಕ್ತಿಯನ್ನು ಎಲ್ಲರೂ ತಾಯಿ ಎಂದರು. ಅಪ್ಪಿಕೊಂಡು ಸತ್ತ ಇಬ್ಬರನ್ನು ಇಬ್ಬರು ಕನ್ಯೆಯರು ಎಂದರು. 2024ರ ನವೆಂಬರಿನಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನ ಬೇರೆಯದನ್ನೇ ಹೇಳಿತು. ಆ “ತಾಯಿ” ಒಬ್ಬ ಗಂಡಸು, ಮಗುವಿಗೂ ಅವನಿಗೂ ರಕ್ತಸಂಬಂಧವೇ ಇರಲಿಲ್ಲ. ಆ ಇಬ್ಬರು “ಕನ್ಯೆಯ”ರಲ್ಲಿ ಒಬ್ಬರಾದರೂ ಗಂಡಸು. ಇದನ್ನು ಓದಿದಾಗ ನನಗೆ ಮೊದಲು ನಿರಾಸೆಯಾಯಿತು. ಆಮೇಲೆ ನಾಚಿಕೆಯಾಯಿತು. ತನ್ನದಲ್ಲದ ಮಗುವನ್ನು ಆ ಕತ್ತಲಲ್ಲಿ ಮಡಿಲಿಗೆಳೆದುಕೊಂಡ ಗಂಡಸಿನ ಎದುರು ನಿರಾಸೆಪಡಲು ನಾನಾರು?

ದಿನಾಂಕವನ್ನೂ ತಿದ್ದಿಕೊಳ್ಳಿ. ಅಗೆಯುತ್ತಿದ್ದ ಒಂದು ಮನೆಯಲ್ಲಿ ಇದ್ದಿಲಿನಿಂದ ಬರೆದ ಸಾಲೊಂದು 2018ರಲ್ಲಿ ಸಿಕ್ಕಿತು, ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 17ರ ದಿನಾಂಕದ್ದು. ಗೋಡೆಯ ಮೇಲಿನ ಇದ್ದಿಲು ಬಹುಕಾಲ ಉಳಿಯುವ ವಸ್ತುವಲ್ಲ. ಆದ್ದರಿಂದ ಸ್ಫೋಟ ಆಗಸ್ಟಿನಲ್ಲಲ್ಲ, ಶರತ್ಕಾಲದಲ್ಲಿ ಆಗಿರಬೇಕೆಂದು ಈಗ ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಆ ಸಾಲು ಇದ್ದ ಮನೆ ದುರಸ್ತಿಯಲ್ಲಿತ್ತು. ಅದೊಂದೇ ಏನು, ಊರಿಗೆ ಊರೇ ದುರಸ್ತಿಯಲ್ಲಿತ್ತು. ಹದಿನೇಳು ವರ್ಷ ಹಿಂದೆ, ಕ್ರಿ.ಶ. 62ರ ಸುಮಾರಿಗೆ, ದೊಡ್ಡ ಭೂಕಂಪವಾಗಿ ಪೊಂಪೇಯಿ ಅರ್ಧ ಕುಸಿದಿತ್ತು. ನನ್ನ ಕಥೆಯ ಜನ ಕುಡಿದು ಉರುಳಾಡುತ್ತಿದ್ದರು. ನಿಜವಾದ ಪೊಂಪೇಯಿಯಲ್ಲಿ ಸುಣ್ಣದ ಗುಡ್ಡೆ, ಜೋಡಿಸಿಟ್ಟ ಹೆಂಚು, ಅರ್ಧ ಬಳಿದ ಗೋಡೆ.

ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಶಿಕ್ಷೆಯ ಕಥೆ ನನಗಿಂತ, ಇಂಗ್ಲಿಷರಿಗಿಂತ ಬಹಳ ಹಳೆಯದು. ಪೊಂಪೇಯಿಯ ಒಂದು ಮನೆಯ ಗೋಡೆಯ ಮೇಲೆಯೇ ಯಾರೋ “ಸೊದೋಮ್, ಗೊಮೋರ” ಎಂದು ಬರೆದಿದ್ದಾರೆ; ದೇವರು ಬೆಂಕಿಯ ಮಳೆ ಸುರಿಸಿ ನಾಶಮಾಡಿದನೆಂದು ಬೈಬಲ್ ಹೇಳುವ ಎರಡು ಊರುಗಳು ಅವು. ಆದರೆ ಕಣ್ಣಾರೆ ಕಂಡವನು ಏನು ಬರೆದ? ಕೊಲ್ಲಿಯ ಆಚೆ ಮಿಸೇನಮ್ಮಿನಲ್ಲಿದ್ದ ಕಿರಿಯ ಪ್ಲಿನಿಗೆ ಆಗ ಹದಿನೇಳು ತುಂಬಿತ್ತು. ನೌಕಾಪಡೆಯ ಅಧಿಪತಿಯಾಗಿದ್ದ ಅವನ ಸೋದರಮಾವ, ಮೊದಲು ಕುತೂಹಲದಿಂದ, ಆಮೇಲೆ ಜನರನ್ನು ಉಳಿಸಬೇಕೆಂದು, ಹಡಗು ಹೊರಡಿಸಿ ಸ್ಟೇಬಿಯೆಯ ದಡದಲ್ಲಿ ಪ್ರಾಣಬಿಟ್ಟ. ಹುಡುಗನನ್ನು ಜೊತೆಗೆ ಕರೆದರೆ, ಓದುವುದಿದೆ ಎಂದು ಮನೆಯಲ್ಲೇ ಉಳಿದನಂತೆ! (ನನ್ನ ಇಡೀ ವೃತ್ತಿಜೀವನದಲ್ಲಿ ಇಂಥ ಒಬ್ಬ ವಿದ್ಯಾರ್ಥಿಯೂ ಸಿಗಲಿಲ್ಲ.) ಇತಿಹಾಸಕಾರ ಟ್ಯಾಸಿಟಸನಿಗೆ ಅವನು ಮುಂದೆ ಬರೆದ ಎರಡು ಪತ್ರಗಳಲ್ಲಿ ಮೋಡದ ಆಕಾರವಿದೆ, ನೆಲದ ನಡುಕವಿದೆ, ಹಿಂದೆ ಸರಿದ ಸಮುದ್ರವಿದೆ, ಕತ್ತಲಲ್ಲಿ ಮಕ್ಕಳನ್ನು ಕೂಗುವ ತಂದೆತಾಯಿಯರಿದ್ದಾರೆ. ಊರವರ ಪಾಪದ ಪ್ರಸ್ತಾಪ ಎಲ್ಲಿಯೂ ಇಲ್ಲ. ಸಾಮ್ರಾಟ ಟೈಟಸ್ ಕೂಡ ನೀತಿ ಬೋಧಿಸುತ್ತ ಕೂರಲಿಲ್ಲ. ಆ ಪ್ರಾಂತವನ್ನು ಸರಿಪಡಿಸಲು ಮಾಜಿ ಕಾನ್ಸಲ್‌ಗಳನ್ನು ನೇಮಿಸಿದ, ವಾರಸುದಾರರಿಲ್ಲದೆ ಸತ್ತವರ ಆಸ್ತಿಯನ್ನು ಪುನರ್ನಿರ್ಮಾಣಕ್ಕೆ ಕೊಟ್ಟ.

ಇಲ್ಲಿ ನಿಮ್ಮಲ್ಲಿ ಕೆಲವರು, ಅದರಲ್ಲೂ ಸ್ವತಃ ಶಿಕ್ಷಕರಾಗಿರುವವರು, ಒಂದು ಆಕ್ಷೇಪ ಎತ್ತುತ್ತೀರೆಂದು ಬಲ್ಲೆ. “ಸರ್, ಮಕ್ಕಳಿಗೆ ಪಾಪಭೀತಿ ಬೇಕು. ಕಥೆ ಸುಳ್ಳಾದರೂ ನೀತಿ ಒಳ್ಳೆಯದಲ್ಲವೆ?” ಈ ಆಕ್ಷೇಪಕ್ಕೆ ನನಗಿಂತ ದೊಡ್ಡವರಿಂದ ಉತ್ತರ ಕೊಡಿಸುತ್ತೇನೆ. 1934ರ ಜನವರಿ 15ರಂದು ಬಿಹಾರದಲ್ಲಿ ಘೋರ ಭೂಕಂಪವಾಯಿತು. ಅಸ್ಪೃಶ್ಯತೆಯೆಂಬ ನಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಅದು ಎಂದು ಗಾಂಧೀಜಿ ಹೇಳಿದರು. ಅದಕ್ಕಿಂತ ಒಳ್ಳೆಯ ನೀತಿ, ಅದಕ್ಕಿಂತ ತುರ್ತಾದ ನೀತಿ ಅಂದು ಈ ದೇಶಕ್ಕೆ ಬೇರೆ ಇರಲಿಲ್ಲ. ಆದರೂ, ಅಸ್ಪೃಶ್ಯತೆಯನ್ನು ಅಷ್ಟೇ ದ್ವೇಷಿಸುತ್ತಿದ್ದ ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಪ್ರತಿಭಟಿಸಿದರು. ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣಗಳೇ ಇರುತ್ತವೆ, ಅದನ್ನು ನೀತಿಗೆ ಗಂಟುಹಾಕಬಾರದು ಎಂಬುದು ಅವರ ವಾದ. ಗಾಂಧೀಜಿ ಆ ಪ್ರತಿಭಟನೆಯನ್ನು ತಮ್ಮ “ಹರಿಜನ” ಪತ್ರಿಕೆಯಲ್ಲೇ ಅಚ್ಚು ಮಾಡಿದರು. ಅದು ಅವರ ದೊಡ್ಡತನ. ಆದರೆ ವಾದದಲ್ಲಿ ಸರಿಯಿದ್ದವರು ಠಾಕೂರರು. ಬಿಹಾರದ ಕುಸಿದ ಗೋಡೆಗಳಡಿ ಸತ್ತವರಲ್ಲಿ ಅಸ್ಪೃಶ್ಯರೂ ಇದ್ದರಲ್ಲ, ಅವರಿಗೆ ಯಾವ ಅಸ್ಪೃಶ್ಯತೆಯ ಶಿಕ್ಷೆ? ಒಳ್ಳೆಯ ನೀತಿಗೆ ಹೆಣಗಳನ್ನು ಸಾಕ್ಷಿಯಾಗಿ ಎಳೆದು ತರುವುದು, ಎಳೆಯುವವರು ಮಹಾತ್ಮರಾಗಿದ್ದರೂ, ಅನ್ಯಾಯವೇ. ನಾನಾದರೋ ಮಹಾತ್ಮನೂ ಅಲ್ಲ. ತಲಕಾಡಿಗೆ ನಿಮ್ಮನ್ನು ಪ್ರವಾಸ ಕರೆದೊಯ್ದಾಗಲೂ ಮರಳಿನ ದಿಬ್ಬದ ಮೇಲೆ ಕೂರಿಸಿ ಶಾಪದ ಕಥೆಯನ್ನೇ ಹೇಳಿದೆನಲ್ಲದೆ, ಎದುರಿಗೇ ಹರಿಯುತ್ತಿದ್ದ ಕಾವೇರಿಯ ತಿರುವನ್ನೂ ಬೇಸಿಗೆಯ ಗಾಳಿಯನ್ನೂ ತೋರಿಸಲಿಲ್ಲ.

ಮಧ್ಯಾಹ್ನದ ಅನಂತರ ಊರಿನ ಆಗ್ನೇಯ ಮೂಲೆಯ ಒಂದು ತೋಟಕ್ಕೆ ಹೋದೆವು. “ಪಲಾಯಿತರ ತೋಟ” ಎಂದು ಕರೆಯುತ್ತಾರೆ. ಹಿಂದೆ ದ್ರಾಕ್ಷಿ ಬೆಳೆಯುತ್ತಿದ್ದ ಜಾಗ, ಈಗಲೂ ಬಳ್ಳಿಗಳಿವೆ. 1961ರಲ್ಲಿ ಅಲ್ಲಿ 13 ಜನರ ಅಚ್ಚುಗಳು ಸಿಕ್ಕವು. ಗಾಜಿನ ಹಿಂದೆ, ಬಿದ್ದ ಜಾಗದಲ್ಲೇ ಇಟ್ಟಿದ್ದಾರೆ. ಅವರು ಒಂದೇ ಕ್ಷಣದಲ್ಲಿ ಸತ್ತವರಲ್ಲ. ಸ್ಫೋಟ ಆರಂಭವಾದ ಮೇಲೆ ಸುಮಾರು ಹದಿನೆಂಟು ಗಂಟೆ ಕಾಲ ಆಕಾಶದಿಂದ ಹಗುರವಾದ ಬುರುಗುಗಲ್ಲು ಸುರಿಯಿತು. ಬೀದಿಗಳಲ್ಲಿ ಎರಡೂವರೆ ಮೀಟರಿಗೂ ಹೆಚ್ಚು ಎತ್ತರ ರಾಶಿಬಿತ್ತು. ಆ ಹೊತ್ತಿನಲ್ಲಿ ಊರಿನ ಬಹುಪಾಲು ಜನ ಹೊರಟುಹೋಗಿರಬೇಕು, ಏಕೆಂದರೆ ಹತ್ತು ಸಾವಿರಕ್ಕೂ ಮಿಕ್ಕಿ ಜನವಿದ್ದ ಊರಿನಲ್ಲಿ ಇದುವರೆಗೆ ಸಿಕ್ಕಿರುವುದು ಸಾವಿರ ಚಿಲ್ಲರೆ ದೇಹಗಳು. ಉಳಿದವರಲ್ಲಿ ಅನೇಕರು ಕಲ್ಲಿನ ಭಾರಕ್ಕೆ ಕುಸಿದ ಮಾಳಿಗೆಗಳ ಕೆಳಗೆ ಸತ್ತರು. ಈ 13 ಜನ ಅದನ್ನೂ ದಾಟಿ, ಮರುದಿನ ಬೆಳಗ್ಗೆ ಆ ಕಲ್ಲುರಾಶಿಯ ಮೇಲೆಯೇ ನಡೆದು ಊರಬಾಗಿಲ ಕಡೆಗೆ ಹೊರಟಿದ್ದರು. ಆಗ ಸುಡುವ ಬೂದಿಯೂ ಅನಿಲವೂ ಬೆರೆತ ಪ್ರವಾಹ ಬೆಟ್ಟದಿಂದ ಇಳಿದು ಬಂತು. ಬಾಗಿಲು ಅಲ್ಲಿಂದ ಕೂಗಳತೆಯಲ್ಲಿದೆ. ಅವರಲ್ಲಿ ದೊಡ್ಡವರಿದ್ದಾರೆ, ಮಕ್ಕಳಿದ್ದಾರೆ. ಒಂದು ಮಗು ಅಂಗಾತ ಮಲಗಿದೆ.

ಅಲ್ಲಿ ನಿಂತಾಗ ಒಬ್ಬ ಹುಡುಗನ ದನಿ ಕೇಳಿಸಿತು. ಈ ಪತ್ರ ಬರೆಯಲು ಅದೇ ಕಾರಣ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ನಾನಾಗ ಗಡಿಯ ಈಚೆ, ಆಳಂದ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ನಮ್ಮ ಪಾತ್ರೆಗಳೂ ನೆಲುವಿನಿಂದ ಉರುಳಿದವು, ನಾವೂ ಬೀದಿಗೆ ಓಡಿದೆವು. ಆಚೆ ಸುಮಾರು ಹತ್ತು ಸಾವಿರ ಜನ ಸತ್ತರು. ಹಿಂದಿನ ರಾತ್ರಿ ಗಣಪತಿ ವಿಸರ್ಜನೆ ಮುಗಿಸಿ ಬಂದು ಮಲಗಿದ್ದವರು. ನನ್ನ ತರಗತಿಯ ಒಬ್ಬ ಹುಡುಗನ ತಾಯಿಯ ತವರು ಆ ಭಾಗದ ಒಂದು ಹಳ್ಳಿ. ಅವನು ಮೂರು ವಾರ ಶಾಲೆಗೆ ಬರಲಿಲ್ಲ. ಅಜ್ಜ ಅಜ್ಜಿ ತೀರಿಕೊಂಡರೆಂದು ಗೊತ್ತಾಗಿತ್ತು. ಅವನು ಮರಳಿ ಬಂದ ವಾರವೇ, ಯಾವ ಯೋಚನೆಯೂ ಇಲ್ಲದೆ, ಪಾಠದ ಕ್ರಮದಲ್ಲಿ ಬಂತೆಂದು, ನಾನು ಪೊಂಪೇಯಿಯ ಕಥೆ ಹೇಳಿದೆ. ಕರಿಹಲಗೆಯ ಮೇಲೆ ಗಾದೆ ಬರೆದು ತಿರುಗಿದಾಗ ಅವನು ಎದ್ದು ನಿಂತಿದ್ದ.

“ಸರ್, ಅಲ್ಲಿ ಸಣ್ಣ ಹುಡುಗ್ರೂ ಇದ್ದರೇನ್ರಿ?”

“ಇದ್ದಿರಬೇಕು. ದೊಡ್ಡವರು ಮಾಡಿದ್ದನ್ನು ಮಕ್ಕಳೂ ಉಣ್ಣಬೇಕಾಗುತ್ತದೆ” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವನು ಕುಳಿತುಕೊಂಡ. ಹಬ್ಬಕ್ಕೆಂದು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದ ಅವನ ನಾಲ್ಕು ವರ್ಷದ ತಂಗಿಯೂ ಅಲ್ಲಿಯೇ ತೀರಿಕೊಂಡಿದ್ದಳೆಂದು ಅದೇ ಸಂಜೆ ಶಿಕ್ಷಕರ ಕೊಠಡಿಯಲ್ಲಿ ತಿಳಿಯಿತು. ನಾನು ಅವನನ್ನು ಕರೆದು ಮಾತನಾಡಬೇಕಿತ್ತು. ನಾಳೆ ನಾಳೆ ಎನ್ನುತ್ತ ವರ್ಷ ಕಳೆಯಿತು, ಅವನು ಬೇರೆ ಶಾಲೆಗೆ ಹೋದ. ಮುಂದಿನ ವರ್ಷ ಹೊಸ ಮಕ್ಕಳಿಗೆ ಅದೇ ಕಥೆಯನ್ನು ಹೇಳಿದೆನೆಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಪಾಪವಲ್ಲ, ಗೋಡೆ. ದುಂಡುಗಲ್ಲುಗಳನ್ನು ಮಣ್ಣಿನಲ್ಲಿ ಜೋಡಿಸಿದ ಮೊಳಗಟ್ಟಲೆ ದಪ್ಪದ ಗೋಡೆ, ಅದರ ಮೇಲೆ ಬಿಸಿಲಿಗೆ ತಂಪಾಗಲೆಂದು ಅಡಿಗಟ್ಟಲೆ ಮಣ್ಣು ಹೇರಿದ ಮಾಳಿಗೆ. ನಡುಗಿದೊಡನೆ ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದ್ದವರ ಮೇಲೆ ಇಳಿಯಿತು. ದಖ್ಖನ್ ಪ್ರಸ್ಥಭೂಮಿ ಅಲುಗದ ನೆಲವೆಂದು ನಾವು ಭೂಗೋಳದಲ್ಲಿ ಕಲಿಸುತ್ತಿದ್ದೆವು. ಅಂದು ತರಗತಿಯಲ್ಲಿ ಹೇಳಬೇಕಾಗಿದ್ದ ಪಾಠ ಅದು: ಗೋಡೆಯ ಮೂಲೆಗಳನ್ನು ಹೇಗೆ ಬಿಗಿಯಬೇಕು, ಮಾಳಿಗೆಯ ಭಾರವನ್ನು ಹೇಗೆ ಇಳಿಸಬೇಕು. ನನ್ನ ಮುಂದೆ ಕುಳಿತಿದ್ದ ನಲವತ್ತು ಮಕ್ಕಳೂ ಅದೇ ಬಗೆಯ ಮನೆಗಳಿಗೆ ಸಂಜೆ ಮರಳುವವರು. ನಾನು ಅವರನ್ನು ಗಾದೆಯೊಂದಿಗೆ ಕಳುಹಿಸಿಕೊಟ್ಟೆ. ಪಾಪದ ಕಥೆಯ ಕೇಡು ಇದೇ. ಕಾರಣ ಸಿಕ್ಕಿಬಿಟ್ಟಿತೆಂಬ ಸಮಾಧಾನ ಕೊಟ್ಟು ಅದು ಕಾರಣ ಹುಡುಕುವವರ ಬಾಯಿ ಮುಚ್ಚಿಸುತ್ತದೆ.

ವೆಸುವಿಯಸ್ಸಿನ ಸುತ್ತ ಅಪಾಯದ ಕೆಂಪು ವಲಯದಲ್ಲಿ ಇಂದು ಆರು ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ಅದು ಕೊನೆಯ ಸಲ ಉಗುಳಿದ್ದು 1944ರ ಮಾರ್ಚಿನಲ್ಲಿ. 1841ರಲ್ಲಿ ಸ್ಥಾಪಿಸಿದ ವೀಕ್ಷಣಾಲಯ ಇಂದಿಗೂ ಬೆಟ್ಟದ ಉಸಿರನ್ನು ಅಳೆಯುತ್ತಿದೆ. ಎಚ್ಚರಿಕೆ ಬಂದರೆ 72 ಗಂಟೆಗಳಲ್ಲಿ ಎಲ್ಲರನ್ನೂ ತೆರವು ಮಾಡುವ ಸರ್ಕಾರಿ ಯೋಜನೆಯಿದೆ. ಮರಳುವಾಗ ರೈಲಿನಲ್ಲಿ ಶಾಲೆ ಬಿಟ್ಟ ಮಕ್ಕಳು ಹತ್ತಿದರು. ಬೆನ್ನಿಗೆ ಚೀಲ, ಕೈಯಲ್ಲಿ ಚಿಪ್ಸಿನ ಪೊಟ್ಟಣ, ಬಾಯಿತುಂಬ ಗಲಾಟೆ. ಬೆಟ್ಟದ ಬುಡದ ನಿಲ್ದಾಣಗಳಲ್ಲಿ ಒಬ್ಬೊಬ್ಬರೇ ಇಳಿದುಹೋದರು.

ಆಳಂದದ ಆ ಹುಡುಗ ಈಗ ನಲವತ್ತೈದು ದಾಟಿದ ಗಂಡಸು. ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಯಾರಿಗಾದರೂ ಅವನ ಪರಿಚಯವಿದ್ದರೆ ಇದನ್ನು ತಲುಪಿಸಿ. ಅವನ ಹೆಸರನ್ನು ನಾನು ಬರೆಯುವುದಿಲ್ಲ, ಓದಿದರೆ ಅವನಿಗೆ ತಿಳಿಯುತ್ತದೆ.

ಮಗನೇ, ನೀನು ಅಂದು ಕೇಳಿದ್ದಕ್ಕೆ ಉತ್ತರ ಇದು. ಅಲ್ಲಿ ಸಣ್ಣ ಮಕ್ಕಳಿದ್ದರು. ನಾನು ನೋಡಿ ಬಂದೆ. ಅವರು ಯಾರು ಮಾಡಿದ್ದನ್ನೂ ಉಣ್ಣಲಿಲ್ಲ, ನಿನ್ನ ತಂಗಿಯೂ ಉಣ್ಣಲಿಲ್ಲ. ನಾನು ಹೇಳಿದ್ದು ತಪ್ಪು.